ಮೂರಡಿ ಹಡಗು, ಆರಡಿ ಅಕ್ಷರ: ಸ್ಟಾರ್ ವಾರ್ಸ್ ಶುರುವಾಗೋ ಬಗ್ಗೆ ಒಂದು ಹಳೇ ಜಗಳ

ವಿಡಿಯೋ ನೋಡೋಕೆ ಟೈಮ್ ಇಲ್ಲದವರು, ಇಯರ್‌ಫೋನ್ ಮನೇಲಿ ಬಿಟ್ಟು ಮೆಟ್ರೋ ಹತ್ತಿದವರು ಓದಿಕೊಳ್ಳಲಿ ಅಂತ ಎಂದಿನ ಹಾಗೆ ಮಾತನ್ನು ಬರಹಕ್ಕೆ ಇಳಿಸಿದ್ದೀನಿ. ತೊದಲಿದ್ದನ್ನು ತೆಗೆದಿದ್ದೀನಿ, ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೀನಿ.

2016ರ ಡಿಸೆಂಬರ್. ನಾನಾಗ ಪುಣೆಯಲ್ಲಿದ್ದೆ. ನೋಟು ರದ್ದಾಗಿ ತಿಂಗಳು ಕಳೆದಿತ್ತು, ವಾಕಡ್‌ನಲ್ಲಿ ಯಾವ ಎಟಿಎಂ ಮುಂದೆ ನೋಡಿದರೂ ಸಾಲು. ಹಾಗಿದ್ದೂ ನಮ್ಮ ಫ್ಲಾಟಿನ ನಾಲ್ಕು ಜನ ಆನ್‌ಲೈನಲ್ಲಿ ಟಿಕೆಟ್ ಬುಕ್ ಮಾಡಿ, ಪಾಪ್‌ಕಾರ್ನ್‌ಗೂ ಕಾರ್ಡ್ ಉಜ್ಜಿ, 'ರೋಗ್ ವನ್' ನೋಡೋಕೆ ಹೋದೆವು. ಸ್ಟಾರ್ ವಾರ್ಸ್ ಸರಣಿಯ ಹೊಸ ಸಿನಿಮಾ. ನಾಲ್ವರಲ್ಲಿ ನಾನು ತೀರ್ಥಹಳ್ಳಿ ಕಡೆಯವನು. ಪಕ್ಕದ ಸೀಟಿನಲ್ಲಿ ಕೂತವನು ಹುಬ್ಬಳ್ಳಿಯವನು, ನನ್ನ ರೂಮ್‌ಮೇಟ್, ಟೆಸ್ಟಿಂಗ್‌ನಲ್ಲಿ ಕೆಲಸ. ಅವನ ಕೆಲಸವೇ ತಪ್ಪು ಹುಡುಕೋದು, ಮನೆಯಲ್ಲಿ ಸಾರಿನಲ್ಲೂ ಹುಡುಕ್ತಿದ್ದ.

ದೀಪ ಆರಿತು. ಕಪ್ಪು ಪರದೆಯ ಮೇಲೆ ಆ ನೀಲಿ ಅಕ್ಷರದ ಸಾಲು ಬಂತು. ಬಹಳ ಹಿಂದೆ, ಎಲ್ಲೋ ದೂರದ ಒಂದು ಗ್ಯಾಲಕ್ಸಿಯಲ್ಲಿ ಅನ್ನೋ ಅರ್ಥದ ಸಾಲು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಇನ್ನೇನು ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಮೊಳಗಬೇಕು, 'ಸ್ಟಾರ್ ವಾರ್ಸ್' ಅನ್ನೋ ದೊಡ್ಡ ಹೆಸರು ಹಿಂದಕ್ಕೆ ಹಿಂದಕ್ಕೆ ಸರಿಯಬೇಕು, ಕೆಳಗಿಂದ ಹಳದಿ ಅಕ್ಷರಗಳು ಓರೆಯಾಗಿ ಏರಿ ನಕ್ಷತ್ರಗಳ ನಡುವೆ ಕರಗಬೇಕು. ಯಾವುದೂ ಬರಲಿಲ್ಲ. ಒಂದು ಸಣ್ಣ ಸಂಗೀತದ ಹೊಡೆತ, ಆಮೇಲೆ ಸೀದಾ ಬಾಹ್ಯಾಕಾಶ, ಉಂಗುರ ತೊಟ್ಟ ಒಂದು ಗ್ರಹ. ಕಥೆ ಶುರುವಾಗಿಯೇ ಹೋಯ್ತು.

'ಅಯ್ಯೋ, ಕ್ರಾಲ್ ಎಲ್ಲೋ ಮಾರಾಯ?' ಅಂದೆ, ಸ್ವಲ್ಪ ಜೋರಾಗೇ.

'ಛೊಲೋ ಆತ ಬಿಡು. ಅಕ್ಷರಾ ಓದಾಕ ರೊಕ್ಕಾ ಕೊಟ್ಟ ಬಂದೀವೇನ?' ಅಂದ ಅವನು.

ಜಗಳ ಅಲ್ಲಿಂದ ಹತ್ತಿಕೊಂಡಿತು. ವಾಪಸ್ ಬರುವಾಗ ಆಟೋದಲ್ಲಿ, ಆಮೇಲೆ ಅಡುಗೆಮನೆಯಲ್ಲಿ, ರಾತ್ರಿ ಒಂದೂವರೆವರೆಗೆ. ಅವನ ವಾದ ಇಷ್ಟು: ಇದು ಯುದ್ಧದ ಸಿನಿಮಾ, ಕೆಸರು, ರಕ್ತ, ಅಲ್ಲಾಡೋ ಕ್ಯಾಮೆರಾ, ನಿಜವಾದ ಯುದ್ಧವರದಿ ನೋಡಿದ ಹಾಗೆ ಅನ್ನಿಸಬೇಕು, ಅಂಥ ಕಡೆ ಆಕಾಶದಲ್ಲಿ ಹಳದಿ ಅಕ್ಷರ ತೇಲಿಸಿದರೆ ಆಟಿಕೆ ಆಗುತ್ತೆ. ನನ್ನ ವಾದ: ಸ್ಟಾರ್ ವಾರ್ಸ್ ಅಂದಮೇಲೆ ಸಂಪ್ರದಾಯ ಅಂತ ಒಂದಿದೆ, ನಾಲ್ಕು ದಶಕದಿಂದ ನಡೆದುಬಂದದ್ದು, ಅದನ್ನು ಮುರಿಯೋಕೆ ಇವರ್ಯಾರು? ವಾದ ಮುಗಿಯೋ ಹೊತ್ತಿಗೆ ನಾನೊಂದು ಮಾತು ಆಡಿದೆ. 'ನೀನು ನಿಜವಾದ ಫ್ಯಾನೇ ಅಲ್ಲ, ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡು.' ಅವನು ಏನೂ ಅನ್ನಲಿಲ್ಲ. ಪಾತ್ರೆ ತೊಳೆದಿಟ್ಟು ಮಲಗಲು ಹೋದ. ಅದಾದಮೇಲೆ ನಾವಿಬ್ಬರೂ ಒಟ್ಟಿಗೆ ಸಿನಿಮಾಕ್ಕೆ ಹೋಗಲಿಲ್ಲ.

ಸಂಪ್ರದಾಯ ಅಂತ ನಾನು ಅಷ್ಟು ಗಂಟಲು ಹರಿದುಕೊಂಡೆನಲ್ಲ, ಅದು ಎಲ್ಲಿಂದ ಬಂತು ಅಂತ ನೋಡೋಕೆ ಹೋಗಿದ್ದು ಎಷ್ಟೋ ಕಾಲದ ಮೇಲೆ. ನೋಡಿದಮೇಲೆ ಸ್ವಲ್ಪ ನಾಚಿಕೆಯಾಯ್ತು. ಅದನ್ನೇ ಇವತ್ತು ಹೇಳೋದು.

ಮೊದಲು 1930ರ ದಶಕದ ಅಮೆರಿಕಕ್ಕೆ ಹೋಗಬೇಕು. ಆಗ ಥಿಯೇಟರ್‌ಗಳಲ್ಲಿ ಸೀರಿಯಲ್ ಅಂತ ಇರುತ್ತಿದ್ದವು, ಟಿವಿಯವಲ್ಲ, ಸಿನಿಮಾದವೇ. ವಾರಕ್ಕೊಂದು ಕಂತು. ಹೀರೋ ಬಂಡೆಯಿಂದ ಬೀಳುವಾಗ ಕಂತು ಮುಗಿಯುತ್ತೆ, ಬದುಕಿದನಾ ಇಲ್ಲವಾ ಅಂತ ತಿಳಿಯೋಕೆ ಮುಂದಿನ ವಾರ ಮತ್ತೆ ಕಾಸು ಕೊಟ್ಟು ಬರಬೇಕು. ಅಲೆಕ್ಸ್ ರೇಮಂಡ್ 1934ರಲ್ಲಿ ಶುರು ಮಾಡಿದ 'ಫ್ಲ್ಯಾಶ್ ಗಾರ್ಡನ್' ಅನ್ನೋ ಕಾಮಿಕ್ಸನ್ನು ಯೂನಿವರ್ಸಲ್ ಕಂಪನಿ ಹೀಗೆ ಮೂರು ಸಲ ಸೀರಿಯಲ್ ಮಾಡಿತು: 1936, 1938, 1940. ಕೊನೆಯದ್ದಕ್ಕೆ ಹನ್ನೆರಡು ಕಂತು. ಕಳೆದ ವಾರ ತಪ್ಪಿಸಿಕೊಂಡವನಿಗೆ ಕಥೆ ಗೊತ್ತಾಗೋದು ಹೇಗೆ? ಅದಕ್ಕೇ ಕಂತಿನ ಮೊದಲಿಗೆ ಹಿಂದಿನ ಕಥೆಯ ಸಾರಾಂಶವನ್ನು ಅಕ್ಷರದಲ್ಲಿ ಹಾಕೋರು. 1940ರ ಸೀರಿಯಲ್‌ನಲ್ಲಿ ಆ ಅಕ್ಷರಗಳು ಓರೆಯಾಗಿ ಮೇಲಕ್ಕೆ ಹೋಗಿ ದೂರದಲ್ಲಿ ಚಿಕ್ಕದಾಗುತ್ತವೆ. ಅಂದ್ರೆ ಸ್ಟಾರ್ ವಾರ್ಸ್ ಬರೋಕೆ 37 ವರ್ಷ ಮುಂಚೆಯೇ ಈ ಆಟ ಇತ್ತು. ನಮ್ಮ ಧಾರಾವಾಹಿಗಳ 'ಹಿಂದಿನ ಸಂಚಿಕೆಯಲ್ಲಿ' ಅನ್ನೋದರ ಮುತ್ತಜ್ಜ ಅನ್ನಿ.

1944ರಲ್ಲಿ ಹುಟ್ಟಿದ ಜಾರ್ಜ್ ಲ್ಯೂಕಸ್, ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಅನ್ನೋ ಊರಲ್ಲಿ, ಈ ಹಳೇ ಸೀರಿಯಲ್‌ಗಳನ್ನು ಟಿವಿಯಲ್ಲಿ ನೋಡುತ್ತಾ ಬೆಳೆದವನು. ದೊಡ್ಡವನಾಗಿ ಫ್ಲ್ಯಾಶ್ ಗಾರ್ಡನ್ ಸಿನಿಮಾ ಮಾಡಬೇಕು ಅಂತ ಹೊರಟ, ಹಕ್ಕು ಸಿಗಲಿಲ್ಲ. ಸರಿ, ನನ್ನದೇ ಒಂದು ಬರೀತೀನಿ ಅಂತ ಕೂತ. ಅದು 1977ರ ಮೇ 25ರಂದು ಬಿಡುಗಡೆಯಾದ 'ಸ್ಟಾರ್ ವಾರ್ಸ್'.

ಇಲ್ಲೊಂದು ತಮಾಷೆ ಗಮನಿಸಿ. ಸೀರಿಯಲ್‌ನಲ್ಲಿ ಆ ಅಕ್ಷರಕ್ಕೆ ಕೆಲಸ ಇತ್ತು, ಕಳೆದ ವಾರದ ಕಥೆ ನೆನಪಿಸೋದು. ಲ್ಯೂಕಸ್‌ನ ಸಿನಿಮಾಕ್ಕೆ ಕಳೆದ ವಾರ ಅನ್ನೋದೇ ಇಲ್ಲ. ಅದು ಮೊದಲನೇ ಸಿನಿಮಾ. ಆದರೂ ಅವನು ಯಾರೂ ನೋಡಿರದ, ಯಾರೂ ತೆಗೆದೇ ಇರದ ಹಿಂದಿನ ಕಂತಿನ ಸಾರಾಂಶ ಬರೆದ. ಬಂಡುಕೋರರಿಗೆ ಮೊದಲ ಗೆಲುವು ಸಿಕ್ಕಿದೆ, ಗೂಢಚಾರರು ಸಾಮ್ರಾಜ್ಯದ ಮಹಾ ಆಯುಧದ ನಕ್ಷೆ ಕದ್ದಿದ್ದಾರೆ, ರಾಜಕುಮಾರಿ ಅದನ್ನು ಹೊತ್ತುಕೊಂಡು ಓಡ್ತಿದ್ದಾಳೆ. ಕಥೆಯ ಮಧ್ಯಕ್ಕೆ ನಮ್ಮನ್ನು ತಂದು ಬಿಟ್ಟು, ನೀವು ಲೇಟಾಗಿ ಬಂದಿರಿ ಅಂತ ಹೇಳೋ ಉಪಾಯ. (ನಾನು ಜಗಳ ಆಡಿದ 'ರೋಗ್ ವನ್' ಸಿನಿಮಾದ ಪೂರ್ತಿ ಕಥೆ ಯಾವುದು ಗೊತ್ತಾ? ಆ ನಕ್ಷೆ ಕದ್ದ ಕಥೆಯೇ. 1977ರ ಕ್ರಾಲ್‌ನ ಎರಡು ವಾಕ್ಯ ಹಿಗ್ಗಿಸಿ ಎರಡು ಗಂಟೆಯ ಸಿನಿಮಾ ಮಾಡಿದ್ದಾರೆ. ಕ್ರಾಲ್‌ಗೆ ಮತ್ತೊಂದು ಕ್ರಾಲ್ ಕೊಡಿ ಅಂತ ನಾನು ಕೂಗಾಡಿದ್ದೆ.)

ಲ್ಯೂಕಸ್ ಮೊದಲು ಬರೆದದ್ದು ಆರು ಪ್ಯಾರಾ. 1977ರ ಶುರುವಿನಲ್ಲಿ, ಎಡಿಟಿಂಗ್ ಅರ್ಧಂಬರ್ಧ ಇರುವಾಗ, ಗೆಳೆಯರನ್ನು ಕರೆದು ತೋರಿಸಿದ. ಸ್ಪೀಲ್‌ಬರ್ಗ್ ಇದ್ದ, ಬ್ರಯಾನ್ ಡಿ ಪಾಲ್ಮಾ ಇದ್ದ. ಡಿ ಪಾಲ್ಮಾ ಸಿನಿಮಾವನ್ನು ಗೇಲಿ ಮಾಡಿದ, ಅದರಲ್ಲೂ ಶುರುವಿನ ಅಕ್ಷರ ಮುಗಿಯೋದೇ ಇಲ್ಲ, ತಲೆಬುಡ ಅರ್ಥ ಆಗಲ್ಲ ಅಂತ ನೇರವಾಗೇ ಹೇಳಿದ. ಆಮೇಲೆ ತಾನೇ ಕೂತು, ಪತ್ರಕರ್ತ ಜೇ ಕಾಕ್ಸ್ ಜೊತೆ ಸೇರಿ, ಮೂರು ಪ್ಯಾರಾಕ್ಕೆ ಇಳಿಸಿಕೊಟ್ಟ. ನಾವು ಮಂತ್ರದ ಹಾಗೆ ಬಾಯಿಪಾಠ ಮಾಡಿರೋ ಆ ಸಾಲುಗಳು ಒಬ್ಬ ಗೆಳೆಯ ಬೈದಿದ್ದರಿಂದ ಆ ರೂಪಕ್ಕೆ ಬಂದವು. ನಮ್ಮ ಕೋಡ್ ರಿವ್ಯೂನಲ್ಲಿ ಯಾರಾದರೂ ಹಾಗೆ ಕಾಮೆಂಟ್ ಹಾಕಿದರೆ ಎರಡು ದಿನ ಊಟ ಸೇರಲ್ಲ.

ಅಕ್ಷರದ ವಿನ್ಯಾಸ ಡ್ಯಾನ್ ಪೆರ್ರಿ ಅನ್ನೋ ಟೈಟಲ್ ಕಲಾವಿದನದು. ಅವನಿಗೆ ನೆನಪಾದದ್ದು ಸೆಸಿಲ್ ಬಿ. ಡಿಮಿಲ್‌ನ 1939ರ 'ಯೂನಿಯನ್ ಪೆಸಿಫಿಕ್'. ರೈಲಿನ ಸಿನಿಮಾ ಅದು, ಹೆಸರುಗಳು ಹಳಿಯ ಉದ್ದಕ್ಕೂ ದೂರಕ್ಕೆ ಓಡುತ್ತವೆ. ಅಂತೂ ಅಂತರಿಕ್ಷದ ಸಿನಿಮಾದ ಶುರು ಒಂದು ರೈಲ್ವೆ ಹಳಿಯಿಂದ ಬಂದದ್ದು.

ಇದನ್ನು ಚಿತ್ರೀಕರಿಸಿದ ರೀತಿ ಕೇಳಿ, ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದು. ಇವತ್ತಾದರೆ ನಾವು ಸಿಎಸ್‌ಎಸ್‌ನಲ್ಲಿ ನಾಲ್ಕು ಸಾಲು ಬರೆದು, ಒಂದು ಕೋನ ಕೊಟ್ಟು ಓಡಿಸಿಬಿಡ್ತೀವಿ. ಎಷ್ಟೋ ಜನ ಪ್ರೋಗ್ರಾಮಿಂಗ್ ಕಲಿಯುವಾಗ ಮಾಡಿರ್ತೀರಿ. ಆಗ ಅದೆಲ್ಲ ಎಲ್ಲಿ? ಸುಮಾರು ಎರಡಡಿ ಅಗಲ, ಆರಡಿ ಉದ್ದದ ಹಲಗೆಯ ಮೇಲೆ ಅಕ್ಷರ ಮೂಡಿಸಿ ನೆಲಕ್ಕೆ ಮಲಗಿಸಿದರು. ಅದರ ಉದ್ದಕ್ಕೂ ಕ್ಯಾಮೆರಾವನ್ನು ನಿಧಾನಕ್ಕೆ ಸರಿಸಿದರು. ಅಕ್ಷರ ಓಡಲೇ ಇಲ್ಲ, ಓಡಿದ್ದು ಕ್ಯಾಮೆರಾ. ಚೂರು ಅಲುಗಾಡಿದರೂ ಮತ್ತೆ ಮೊದಲಿಂದ. ಬೇರೆ ಭಾಷೆಯ ಅಕ್ಷರ ಬೇಕಾದರೆ ಮತ್ತೊಂದು ಹಲಗೆ, ಮತ್ತೊಂದು ಶೂಟಿಂಗ್.

ಈಗ ಅಸಲಿ ವಿಷಯ. ಆ ಕ್ರಾಲ್ ಇದೆಯಲ್ಲ, ಅದರಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅನ್ನೋದು ದೊಡ್ಡದು. ನಟರ ಹೆಸರಿಲ್ಲ, ಸಂಗೀತದವರ ಹೆಸರಿಲ್ಲ, ನಿರ್ದೇಶಕನ ಹೆಸರೂ ಇಲ್ಲ. ಎಲ್ಲ ಕೊನೆಗೆ. ಆಗಿನ ಹಾಲಿವುಡ್‌ನಲ್ಲಿ ಸಿನಿಮಾ ಶುರುವಿಗೆ ಮುಖ್ಯರ ಹೆಸರು ಬರೋದೇ ಪದ್ಧತಿ. ಹಾಗೆ ಹಾಕದೇ ಬಿಟ್ಟ ಸಿನಿಮಾಗಳು ಮುಂಚೆಯೂ ಅಲ್ಲೊಂದು ಇಲ್ಲೊಂದು ಇದ್ದವು, 1941ರ 'ಸಿಟಿಜನ್ ಕೇನ್' ಥರದವು. ಆದರೆ ಪದ್ಧತಿ ಪದ್ಧತಿಯೇ, ಅದನ್ನು ಕಾಯೋಕೆ ನಿರ್ದೇಶಕರ ಸಂಘ, ಲೇಖಕರ ಸಂಘ ಅಂತ ಗಟ್ಟಿ ಸಂಘಗಳಿವೆ. ಅವಕ್ಕೂ ನ್ಯಾಯವಾದ ಕಾರಣ ಇತ್ತು ಅನ್ನಿ. ದುಡಿದವನ ಹೆಸರನ್ನು ಸ್ಟುಡಿಯೋ ನುಂಗಿಹಾಕಬಾರದು ಅಂತಲೇ ಆ ನಿಯಮ ಹುಟ್ಟಿದ್ದು.

1977ರಲ್ಲಿ ಸಂಘ ಸುಮ್ಮನಿತ್ತು. ಶುರುವಿಗೆ ಬರೋ ಕಂಪನಿ ಹೆಸರು ಲ್ಯೂಕಸ್‌ಫಿಲ್ಮ್, ನಿರ್ದೇಶಕನೂ ಲ್ಯೂಕಸ್ಸೇ. ತಕರಾರು ಎದ್ದದ್ದು 1980ರಲ್ಲಿ, ಎರಡನೇ ಸಿನಿಮಾ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಬಂದಾಗ. ಅದರ ನಿರ್ದೇಶಕ ಇರ್ವಿನ್ ಕರ್ಶ್ನರ್. ಅವನ ಹೆಸರು ಕೊನೆಯಲ್ಲಿ, ಶುರುವಿನಲ್ಲಿ ಮಾತ್ರ ಲ್ಯೂಕಸ್‌ಫಿಲ್ಮ್. ಸಂಘ ಹೇಳಿತು: ಕಂಪನಿ ಹೆಸರೊಳಗೆ ನಿನ್ನ ಹೆಸರಿದೆ, ಅಂದಮೇಲೆ ಶುರುವಿನಲ್ಲಿ ನಿನ್ನ ಹೆಸರು ಬಂದ ಹಾಗಾಯ್ತು, ನಿರ್ದೇಶಕನದು ಬರಲಿಲ್ಲ, ಇದು ನಿಯಮಕ್ಕೆ ವಿರುದ್ಧ. ಸ್ವತಃ ಕರ್ಶ್ನರ್‌ಗೆ ಹೆಸರು ಕೊನೆಯಲ್ಲಿ ಬಂದದ್ದಕ್ಕೆ ಬೇಸರ ಇರಲಿಲ್ಲ. ಆದರೂ ದಂಡ ಬಿತ್ತು. ಲ್ಯೂಕಸ್ ದಂಡ ಕಟ್ಟಿದ, ಕಟ್ಟಿ ನಿರ್ದೇಶಕರ ಸಂಘಕ್ಕೂ ಲೇಖಕರ ಸಂಘಕ್ಕೂ ರಾಜೀನಾಮೆ ಎಸೆದ. 1983ರ ಮೂರನೇ ಸಿನಿಮಾ 'ರಿಟರ್ನ್ ಆಫ್ ದಿ ಜೆಡೈ' ನಿರ್ದೇಶಿಸಿದ್ದು ವೇಲ್ಸ್‌ನ ರಿಚರ್ಡ್ ಮಾರ್ಕ್ವಾಂಡ್.

ಅಂದರೆ ಏನಾಯ್ತು? 2016ರಲ್ಲಿ ನಾನು ಯಾವುದನ್ನು 'ನಡೆದುಬಂದ ಸಂಪ್ರದಾಯ, ಮುರಿಯಬಾರದು' ಅಂತ ಅಡುಗೆಮನೆಯಲ್ಲಿ ನಿಂತು ಕಿರುಚಿದೆನೋ, ಅದು ಹುಟ್ಟಿದ್ದೇ ಒಂದು ಸಂಪ್ರದಾಯ ಮುರಿದು, ಉಳಿದದ್ದು ದಂಡ ಕಟ್ಟಿ. 1980ರಲ್ಲಿ ನಾನಿದ್ದು, ನನ್ನ ಸ್ವಭಾವ ಹೀಗೇ ಇದ್ದಿದ್ದರೆ, ಬಹುಶಃ ಸಂಘದ ಪರ ಕೂತು ಹೆಸರು ಶುರುವಿಗೇ ಬರಬೇಕು ಅಂತ ಹಟ ಹಿಡಿಯುತ್ತಿದ್ದೆ.

ಇನ್ನೊಂದು ಪೆಟ್ಟು ಬಾಕಿ ಇತ್ತು. ನಾನು ಸ್ಟಾರ್ ವಾರ್ಸ್ ಮೊದಲು ನೋಡಿದ್ದು ಎಂಟೆಕ್ ಹಾಸ್ಟೆಲ್‌ನಲ್ಲಿ, ಯಾರದೋ ಹಾರ್ಡ್‌ಡಿಸ್ಕ್‌ನಿಂದ ಕಾಪಿ ಹೊಡೆದುಕೊಂಡು. ಕ್ರಾಲ್‌ನ ತಲೆಯ ಮೇಲೆ 'ಎಪಿಸೋಡ್ 4, ಎ ನ್ಯೂ ಹೋಪ್' ಅಂತ ಇತ್ತು. ನಾಲ್ಕರಿಂದ ಶುರು ಮಾಡೋ ಧೈರ್ಯ ನೋಡು, ಮೊದಲೇ ಒಂಬತ್ತು ಸಿನಿಮಾದ ಪ್ಲಾನ್ ತಲೆಯಲ್ಲಿತ್ತು ಅಂತ ಎಷ್ಟೋ ಜನರಿಗೆ ಭಾಷಣ ಬಿಗಿದಿದ್ದೀನಿ. 1977ರ ಪ್ರಿಂಟ್‌ನಲ್ಲಿ ಆ ಸಾಲೇ ಇರಲಿಲ್ಲ. ಬರೀ 'ಸ್ಟಾರ್ ವಾರ್ಸ್', ಆಮೇಲೆ ಸೀದಾ ಕಥೆ. ಎಪಿಸೋಡ್ ನಂಬರ್ ಅಂಟಿಸಿದ್ದು 1981ರ ಏಪ್ರಿಲ್‌ನಲ್ಲಿ ಮರುಬಿಡುಗಡೆ ಮಾಡಿದಾಗ. ಮೂಲ ಅಂತ ನಾನು ಆಣೆ ಇಡುತ್ತಿದ್ದದ್ದು ತಿದ್ದಿದ ಪ್ರತಿ.

ನಮ್ಮ ಆಫೀಸಿನ ಹಳೇ ಕೋಡ್‌ನಲ್ಲಿ ಒಂದು ಕಡೆ 200 ಮಿಲಿಸೆಕೆಂಡ್ ಸುಮ್ಮನೆ ಕಾಯೋ ಸಾಲು ಇತ್ತು. ಪಕ್ಕದಲ್ಲಿ 'ಇದನ್ನು ತೆಗೆಯಬೇಡಿ' ಅಂತ ಕಾಮೆಂಟ್. ಯಾಕೆ ಅಂತ ಟೀಮಲ್ಲಿ ಯಾರಿಗೂ ಗೊತ್ತಿಲ್ಲ. ಹುಡುಕಿದರೆ, ಎಂದೋ ಗುಜರಿಗೆ ಹೋದ ಒಂದು ಸರ್ವರ್ ನಿಧಾನ ಅಂತ ಹಾಕಿದ್ದು. ತೆಗೆದೆ. ಏನೂ ಆಗಲಿಲ್ಲ. ಆದರೂ ವಾರ ಪೂರ್ತಿ ರಾತ್ರಿ ಎದ್ದೆದ್ದು ಲಾಗ್ ನೋಡಿದ್ದೀನಿ.

ಇಷ್ಟು ಸಂಪ್ರದಾಯದ ಕಡೆಯದು. ಹಾಗಾದರೆ ನನ್ನ ಗೆಳೆಯನ ನೈಜತೆ ಗೆದ್ದಿತಾ? ಅಲ್ಲೇ ಮಜಾ ಇರೋದು.

ಒಂದು ವರ್ಷ ಕಳೆದು, 2017ರ ಡಿಸೆಂಬರ್‌ನಲ್ಲಿ 'ದಿ ಲಾಸ್ಟ್ ಜೆಡೈ' ಬಂತು. ಇಬ್ಬರೂ ಬೇರೆ ಬೇರೆಯಾಗಿ ನೋಡಿದೆವು. ಈ ಸಲ ಕ್ರಾಲ್ ಇತ್ತು, ನನಗೆ ಸಮಾಧಾನ. ಆದರೆ ಅದು ಮುಗಿದ ಸ್ವಲ್ಪ ಹೊತ್ತಿಗೇ ಒಂದು ಯುದ್ಧ. ಬಂಡುಕೋರರ ಬಾಂಬರ್ ಹಡಗುಗಳು ನಿಧಾನಕ್ಕೆ ಸಾಲುಗಟ್ಟಿ ಬಂದು, ಶತ್ರುವಿನ ದೊಡ್ಡ ಹಡಗಿನ ಮೇಲೆ ನಿಂತು, ಹೊಟ್ಟೆ ತೆರೆದು ಬಾಂಬ್ ಬೀಳಿಸುತ್ತವೆ. ಬೀಳಿಸುತ್ತವೆ! ಬಾಹ್ಯಾಕಾಶದಲ್ಲಿ! ಗುರುತ್ವ ಎಲ್ಲಿಂದ ಬಂತು ಅಂತ ಜಗತ್ತಿನ ಅರ್ಧ ಫ್ಯಾನ್‌ಗಳು ಎದ್ದು ನಿಂತರು. ನಾನೂ ಎದ್ದೆ. ಮನೆಗೆ ಬಂದು ಅವನಿಗೆ ಹೇಳಿದೆ, ಇದು ಹೈಸ್ಕೂಲ್ ಫಿಸಿಕ್ಸ್ ಗೊತ್ತಿಲ್ಲದವರು ಮಾಡಿದ ಸೀನು ಅಂತ. ಅವನು ತಣ್ಣಗೆ, 'ಹಳೇ ಸಿನಿಮಾದಾಗೂ ಹಿಂಗ ಬಿದ್ದಾವಲ್ಲೋ, ಅವಾಗ ನಿಂಗ ನಡೀತಿತ್ತೇನ?' ಅಂದ.

ಪಾತ್ರ ಅದಲುಬದಲಾಗಿತ್ತು. ಹೋದ ವರ್ಷ ಸಂಪ್ರದಾಯ ಅಂದವನು ನಾನು ಈಗ ನೈಜತೆ ಅಂತಿದ್ದೆ, ನೈಜತೆ ಅಂದವನು ಹಳೇ ಪದ್ಧತಿ ತೋರಿಸ್ತಿದ್ದ.

ಅವನು ಹೇಳಿದ್ದು ನಿಜ. 1980ರ ಸಿನಿಮಾದಲ್ಲಿ ಕ್ಷುದ್ರಗ್ರಹದ ಮೇಲೆ ಸಾಮ್ರಾಜ್ಯದ ಬಾಂಬರ್‌ಗಳು ಹೀಗೇ ಬಾಂಬ್ ಹಾಕುತ್ತವೆ. ಇನ್ನು ಫಿಸಿಕ್ಸ್? ಎಂಟೆಕ್ ಮಾಡಿದ ತಪ್ಪಿಗೆ ಲೆಕ್ಕ ಹಾಕಿಯೇ ಹೇಳ್ತೀನಿ. ಭೂಮಿಯಿಂದ 400 ಕಿಲೋಮೀಟರ್ ಮೇಲೆ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇದೆಯಲ್ಲ, ಅಲ್ಲಿ ಗುರುತ್ವ ಸೊನ್ನೆ ಅಲ್ಲ. ನೆಲದಲ್ಲಿರೋದರ ಸುಮಾರು ಶೇ. 90ರಷ್ಟು ಇದೆ. ಗಗನಯಾತ್ರಿಗಳು ತೇಲೋದು ನಿಲ್ದಾಣವೂ ಅವರೂ ಒಟ್ಟಿಗೆ ಬೀಳುತ್ತಲೇ ಇರೋದರಿಂದ. ಹಾಗಿರುವಾಗ ಹಡಗು ಕಕ್ಷೆಯಲ್ಲಿ ಸುತ್ತದೆ, ಇಂಜಿನ್ ಬಲದಿಂದ ಗ್ರಹದ ಮೇಲೆ ಸುಮ್ಮನೆ ನಿಂತಿದ್ದರೆ, ಕೈಬಿಟ್ಟ ಬಾಂಬ್ ಗ್ರಹದ ಕಡೆಗೆ ಬೀಳಲೇಬೇಕು. ಅದೂ ಬೇಡ, ಹಡಗಿನ ಒಳಗೆ ಜನ ಆರಾಮಾಗಿ ನಡೀತಾರೆ ಅಂದ್ರೆ ಅಲ್ಲಿ ಕೃತಕ ಗುರುತ್ವ ಇದೆ ಅಂತಾಯ್ತು. ಒಳಗೆ ವೇಗ ಪಡೆದ ಬಾಂಬ್ ಬಾಗಿಲು ದಾಟಿದ ಮೇಲೆ ಯಾಕೆ ನಿಲ್ಲಬೇಕು? ತಡೆಯೋಕೆ ಗಾಳಿಯೂ ಇಲ್ಲ. ನ್ಯೂಟನ್‌ನ ಮೊದಲನೇ ನಿಯಮ, ಅದೇ ಹೈಸ್ಕೂಲಿನದು. ಸಾಲದ್ದಕ್ಕೆ ಸಿನಿಮಾದ ಅಧಿಕೃತ ಪುಸ್ತಕಗಳಲ್ಲಿ ಆ ಬಾಂಬ್‌ಗಳು ಅಯಸ್ಕಾಂತದ ಬಲದಿಂದ ಹೋಗುತ್ತವೆ ಅಂತ ಬೇರೆ ಬರೆದಿದ್ದಾರೆ. ಮೂರು ದಾರಿಯಲ್ಲೂ ನನ್ನ ಆಕ್ಷೇಪ ಬಿದ್ದುಹೋಯ್ತು, ಬಾಂಬಿನ ಹಾಗೇ.

ಆದರೆ ಆ ದೃಶ್ಯ ಮಾಡುವಾಗ ನಿರ್ದೇಶಕ ರಯಾನ್ ಜಾನ್ಸನ್ ನ್ಯೂಟನ್‌ನನ್ನು ನೆನೆಸಿಕೊಂಡಿರಲಿಕ್ಕಿಲ್ಲ. ತನ್ನ ತಂಡಕ್ಕೆ ಅವನು ತೋರಿಸಿದ ಸಿನಿಮಾಗಳಲ್ಲಿ 1949ರ 'ಟ್ವೆಲ್ವ್ ಓ'ಕ್ಲಾಕ್ ಹೈ' ಇತ್ತು, ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್ ಪಡೆಯ ಕಥೆ. ಲ್ಯೂಕಸ್ ಮಾಡಿದ್ದೂ ಇದನ್ನೇ. ಸ್ಪೆಷಲ್ ಎಫೆಕ್ಟ್ ತಯಾರಾಗೋ ಮೊದಲು, ಹಡಗುಗಳ ಕಾಳಗ ಬರಬೇಕಾದ ಜಾಗದಲ್ಲಿ, ಹಳೇ ಯುದ್ಧ ಸಿನಿಮಾಗಳ ವಿಮಾನ ಕಾಳಗದ ತುಣುಕು ಕತ್ತರಿಸಿ ಅಂಟಿಸಿದ್ದ. 1955ರ 'ದಿ ಡ್ಯಾಮ್ ಬಸ್ಟರ್ಸ್' ಸಿನಿಮಾದ ನೆರಳು 1977ರ ಕೊನೆಯ ಯುದ್ಧದ ಮೇಲೆ ಎದ್ದು ಕಾಣುತ್ತೆ. ಆ ಬ್ರಿಟಿಷ್ ಸಿನಿಮಾದ ಸ್ಪೆಷಲ್ ಎಫೆಕ್ಟ್ ಛಾಯಾಗ್ರಹಣದಲ್ಲಿದ್ದ ಗಿಲ್ಬರ್ಟ್ ಟೇಲರ್‌ನೇ ಸ್ಟಾರ್ ವಾರ್ಸ್‌ನ ಛಾಯಾಗ್ರಾಹಕ. ಅದಕ್ಕೇ ಅಲ್ಲಿನ ಹಡಗುಗಳು ಗಾಳಿಯಿಲ್ಲದ ಕಡೆಯೂ ವಿಮಾನದ ಹಾಗೆ ರೆಕ್ಕೆ ವಾಲಿಸಿ ತಿರುಗೋದು.

ಶಬ್ದದ ಕಥೆಯೂ ಅದೇ. 1968ರಲ್ಲಿ ಕುಬ್ರಿಕ್ '2001: ಎ ಸ್ಪೇಸ್ ಒಡಿಸ್ಸಿ' ಮಾಡಿದಾಗ ಬಾಹ್ಯಾಕಾಶದಲ್ಲಿ ಇಂಜಿನ್ ಸದ್ದು ಹಾಕಲಿಲ್ಲ. ಸಂಗೀತ, ಉಸಿರಾಟ, ಇಲ್ಲವೇ ಮೌನ. ವಿಜ್ಞಾನ ಹೇಳೋದೂ ಅದೇ. ಒಂಬತ್ತು ವರ್ಷದ ಮೇಲೆ ಲ್ಯೂಕಸ್‌ನ ಧ್ವನಿ ವಿನ್ಯಾಸಕ ಬೆನ್ ಬರ್ಟ್, ಆನೆ ಘೀಳಿಟ್ಟದ್ದಕ್ಕೆ ಒದ್ದೆ ರಸ್ತೆಯ ಮೇಲೆ ಕಾರು ಹೋದ ಸದ್ದು ಸೇರಿಸಿ ಶತ್ರು ವಿಮಾನದ ಕೂಗು ಮಾಡಿದ. ನಾವು ನಂಬಿದೆವು. 'ದಿ ಲಾಸ್ಟ್ ಜೆಡೈ'ನಲ್ಲೇ ಒಂದು ಕಡೆ, ಹಡಗೊಂದು ಇನ್ನೊಂದನ್ನು ಸೀಳಿಕೊಂಡು ಹೋಗುವಾಗ, ಕೆಲವು ಸೆಕೆಂಡ್ ಪೂರ್ತಿ ಸದ್ದು ನಿಲ್ಲಿಸಿದ್ದಾರೆ. ನೈಜತೆ ಬೇಕು ಅಂದಿರಲ್ಲ, ತಗೊಳ್ಳಿ. ಏನಾಯ್ತು ಗೊತ್ತಾ? ಅಮೆರಿಕದ ಕೆಲವು ಥಿಯೇಟರ್‌ಗಳು ಬಾಗಿಲಲ್ಲಿ ಚೀಟಿ ಅಂಟಿಸಬೇಕಾಯ್ತು: ಆ ಮೌನ ಬೇಕೆಂದೇ ಇಟ್ಟದ್ದು, ನಮ್ಮ ಸ್ಪೀಕರ್ ಕೆಟ್ಟಿಲ್ಲ.

ಹಾಗಾಗಿ ಈ ಸಿನಿಮಾಗಳಲ್ಲಿ ನಾವು ನಿಜ ಅನ್ನೋದು ಫಿಸಿಕ್ಸ್‌ಗೆ ನಿಜವಾದದ್ದನ್ನಲ್ಲ, ಹಿಂದೆ ಪರದೆಯ ಮೇಲೆ ನೋಡಿದ್ದಕ್ಕೆ ನಿಜವಾದದ್ದನ್ನು. ನನ್ನ ಗೆಳೆಯ 'ರೋಗ್ ವನ್'ನಲ್ಲಿ ಮೆಚ್ಚಿದ ಅಲ್ಲಾಡೋ ಕ್ಯಾಮೆರಾವೂ ಸುದ್ದಿಚಿತ್ರದಿಂದ ಬಂದ ಸಂಪ್ರದಾಯವೇ. ಅವನದು ಒಂದು ಹಳೇ ನೆನಪು, ನನ್ನದು ಇನ್ನೊಂದು.

ಹಾಗಂತ ಎಲ್ಲ ಒಂದೇ, ಏನು ಬೇಕಾದರೂ ಬದಲಾಯಿಸಿ ಅಂತ ನಾನು ಹೇಳಲ್ಲ. ಕೆಲವು ಬದಲಾವಣೆಗೆ ಕಲೆಯ ಕಾರಣವೂ ಇರಲ್ಲ, ಬರೀ ವ್ಯವಹಾರ. ಕ್ರಾಲ್‌ಗೆ ಮುಂಚೆ ಮೊಳಗುತ್ತಿದ್ದ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಆ ಕಹಳೆ, ಆಲ್ಫ್ರೆಡ್ ನ್ಯೂಮನ್ 1933ರಲ್ಲಿ ಮಾಡಿದ್ದು. 1970ರ ದಶಕದಲ್ಲಿ ಫಾಕ್ಸ್ ಅದನ್ನು ಹೆಚ್ಚೇನೂ ಬಳಸುತ್ತಿರಲಿಲ್ಲ, ಲ್ಯೂಕಸ್ ಬೇಕೇ ಬೇಕು ಅಂದ. ಜಾನ್ ವಿಲಿಯಮ್ಸ್‌ನ ಮುಖ್ಯ ಸಂಗೀತವೂ ಅದೇ ಶ್ರುತಿಯಲ್ಲಿದೆ, ಒಂದರ ಬಾಲಕ್ಕೆ ಇನ್ನೊಂದು ಕೂಡಿಕೊಳ್ಳುತ್ತೆ. 2012ರಲ್ಲಿ ಡಿಸ್ನಿ ಲ್ಯೂಕಸ್‌ಫಿಲ್ಮ್ ಕೊಂಡುಕೊಂಡ ಮೇಲೆ, 2015ರ 'ದಿ ಫೋರ್ಸ್ ಅವೇಕನ್ಸ್'ನಿಂದ ಕಹಳೆ ಹೋಯ್ತು. 2019ರಲ್ಲಿ ಡಿಸ್ನಿ ಫಾಕ್ಸನ್ನೂ ಕೊಂಡಿತು, ಕಹಳೆ ಮಾತ್ರ ಆ ವರ್ಷದ ಸಿನಿಮಾಕ್ಕೂ ವಾಪಸ್ ಬರಲಿಲ್ಲ. ಇದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ, ಇರಲಿ ಬಿಡಿ. ನಮ್ಮಜ್ಜನಿಗೂ ಕಾಲಮಿತಿ ಯಕ್ಷಗಾನ ಬಂದು ಪೂರ್ವರಂಗ ಮೊಟಕಾದಾಗ ಇಂಥದೇ ಸಿಟ್ಟಿತ್ತು. ಕೋಡಂಗಿ ಕುಣಿಯದೆ ಅದೆಂಥ ಆಟ ಅಂತಿದ್ದರು. ಪೂರ್ವರಂಗದ ಹೊತ್ತಿಗೆ ಅವರು ಚಾ ಅಂಗಡಿ ಹತ್ತಿರ ಇರುತ್ತಿದ್ದರು ಅನ್ನೋದು ಬೇರೆ ಮಾತು.

ಕಡೆಗೆ ಆ ಹಡಗಿನ ವಿಷಯ. 1977ರ ಕ್ರಾಲ್ ಕರಗಿದ ಮೇಲೆ ಕ್ಯಾಮೆರಾ ಕೆಳಕ್ಕೆ ಬಾಗುತ್ತೆ. ಗ್ರಹ ಕಾಣುತ್ತೆ. ಸಣ್ಣ ಹಡಗೊಂದು ಓಡುತ್ತೆ, ಹಿಂದೆಯೇ ನಮ್ಮ ತಲೆಯ ಮೇಲಿಂದ ಸಾಮ್ರಾಜ್ಯದ ಹಡಗು ಬರುತ್ತೆ, ಬರುತ್ತೆ, ಬರುತ್ತಲೇ ಇರುತ್ತೆ, ಮುಗಿಯೋದೇ ಇಲ್ಲ. ಎಷ್ಟು ದೊಡ್ಡದು ಅದು? ಆ ಮಾದರಿ ಸುಮಾರು ಮೂರಡಿ. ಅದು ಅಟ್ಟಿಸಿಕೊಂಡು ಹೋದ 'ಸಣ್ಣ' ಹಡಗಿನ ಮಾದರಿ ಸುಮಾರು ಆರಡಿ. ಓಡುತ್ತಿದ್ದದ್ದು ಹಿಂಬಾಲಿಸುತ್ತಿದ್ದದ್ದಕ್ಕಿಂತ ಎರಡು ಪಟ್ಟು ದೊಡ್ಡದು! ಅದನ್ನು ಮೊದಲು ಮಿಲೇನಿಯಂ ಫಾಲ್ಕನ್ ಅಂತ ಕಟ್ಟಿದ್ದರು. ಇನ್ನೊಂದು ಟಿವಿ ಸೀರಿಯಲ್‌ನ ಹಡಗಿನ ಥರ ಕಾಣುತ್ತೆ ಅಂತ ಫಾಲ್ಕನ್‌ಗೆ ಹೊಸ ರೂಪ ಮಾಡಿ, ಇದನ್ನು ಈ ಕೆಲಸಕ್ಕೆ ಹಚ್ಚಿದರು. ಜಾನ್ ಡೈಕ್ಸ್‌ಟ್ರಾ ತಂಡ ಕಟ್ಟಿದ, ಕಂಪ್ಯೂಟರ್ ಹೇಳಿದಂತೆ ಚಲಿಸೋ ಕ್ಯಾಮೆರಾ ಇತ್ತು. ಮಾದರಿ ನಿಂತಲ್ಲೇ ನಿಂತಿತ್ತು, ಲೆನ್ಸ್ ಅದರ ಹೊಟ್ಟೆಯ ಕೆಳಗೆ ಉಜ್ಜಿದ ಹಾಗೆ ಹತ್ತಿರದಿಂದ ಹೋಯ್ತು. ಅಕ್ಷರದ ಹಲಗೆಯ ಹಾಗೇ ಇಲ್ಲೂ ಓಡಿದ್ದು ಕ್ಯಾಮೆರಾ ಮಾತ್ರ.

ಕ್ಯಾಮೆರಾ ಕೆಳಕ್ಕೆ ಬಾಗೋದೂ ಸಂಪ್ರದಾಯವೇ ಅಂತೀವಿ. 2002ರ 'ಅಟ್ಯಾಕ್ ಆಫ್ ದಿ ಕ್ಲೋನ್ಸ್'ನಲ್ಲಿ ಅದು ಮೇಲಕ್ಕೆ ಹೋಗುತ್ತೆ. ತಿರುಗಿಸಿದವನು ಸಾಕ್ಷಾತ್ ಲ್ಯೂಕಸ್.

ನನ್ನ ಗೆಳೆಯ ಈಗ ಚೆನ್ನೈನಲ್ಲಿದ್ದಾನೆ. ಮದುವೆಗೆ ಹೋಗಿದ್ದೆ, ಹಬ್ಬಕ್ಕೆ ಮೆಸೇಜ್ ಬರುತ್ತೆ, ಹೋಗುತ್ತೆ, ಅಷ್ಟೇ. ಈ ವಿಡಿಯೋಗೆ ತಯಾರಿ ಮಾಡುವಾಗ ಅವನಿಗೊಂದು ವಾಯ್ಸ್ ಮೆಸೇಜ್ ಕಳಿಸಿದೆ. ಡಿ ಪಾಲ್ಮಾ, ದಂಡ, ಹಲಗೆ, ಬಾಂಬು, ಎಲ್ಲ ಹೇಳಿ, ಅವತ್ತು ಅಡುಗೆಮನೆಯಲ್ಲಿ ನಾನು ಆಡಿದ ಮಾತು ತಪ್ಪು ಅಂತಲೂ ಹೇಳಿದೆ. ಒಂಬತ್ತು ನಿಮಿಷದ ಮೆಸೇಜ್. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ರಾತ್ರಿ ಬಂತು.

'ಆ ಮಾತು ನಂಗೂ ನೆನಪೈತಿ. ಇರ್ಲಿ. ಆದ್ರ ಮೂರು ಫೂಟಿನ ಹಡಗಾ ಆರು ಫೂಟಿನದನ್ನ ಬೆನ್ನ ಹತ್ತಿತ್ತಂದ್ರ ಅದು ಬಗ್ ಅಲ್ಲೇನಲೇ? ಟಿಕೆಟ್ ರೇಜ್ ಮಾಡಿದ್ರಿಲ್ಲೋ ಯಾರಾರ?'